ಶಾಲೆಯಲ್ಲಿ ಮಾಕ್ ಡ್ರಿಲ್: ಫೋಟೊ ಬಂತು, ಗೇಟಿನ ಕೀಲಿಕೈ ಎಲ್ಲಿದೆ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕಿ. ಒಂದರಿಂದ ಏಳನೇ ತರಗತಿವರೆಗೆ 210 ಮಕ್ಕಳು, ಆರು ಜನ ಶಿಕ್ಷಕರು. ಮಹಡಿ ಮೇಲೆ ಮೂರು ಕೊಠಡಿ, ಮೆಟ್ಟಿಲು ಒಂದೇ. ಬಿಸಿಯೂಟದ ಅಡುಗೆ ಕೋಣೆ ಆ ಮೆಟ್ಟಿಲಿನ ಪಕ್ಕದಲ್ಲೇ ಇದೆ. ಸುರಕ್ಷತಾ ಯೋಜನೆ ಕೊಡಿ ಎಂದು ಮೇಲಿನಿಂದ ಕೇಳಿದಾಗ ಪಕ್ಕದ ಶಾಲೆಯದ್ದನ್ನೇ ಹೆಸರು ಬದಲಿಸಿ ಕೊಟ್ಟೆವು. ಒಂದು ದಿನ ಮಾಕ್ ಡ್ರಿಲ್ ಕೂಡ ಮಾಡಿ ಫೋಟೊ ಕಳಿಸಿದೆವು. ಮಕ್ಕಳು ನಗುತ್ತಾ ಹೊರಗೆ ಬಂದರು, ಅಷ್ಟೇ. ನಿಜವಾಗಿ ಏನಾದರೂ ಆದರೆ ಇದು ಉಪಯೋಗಕ್ಕೆ ಬರುತ್ತಾ ಅಂತ ಅನುಮಾನ. ಕೆಲವು ಪೋಷಕರು "ಮಕ್ಕಳನ್ನು ಸುಮ್ನೆ ಹೆದರಿಸಬೇಡಿ" ಅನ್ನುತ್ತಾರೆ. ಜಾಸ್ತಿ ದುಡ್ಡಿಲ್ಲದ ಶಾಲೆ ಎಲ್ಲಿಂದ ಶುರು ಮಾಡಬೇಕು?

ಉತ್ತರ: ಮೇಡಂ, ನಿಮ್ಮ ಅನುಮಾನ ಸರಿಯಾಗೇ ಇದೆ. ಅಗ್ನಿಶಾಮಕ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದ ಮೇಲೆ ನಾನು ಶಾಲೆಗಳಿಗೆ ಹೋಗಿ ಇದೇ ವಿಷಯ ಹೇಳಿಕೊಡುತ್ತೇನೆ. ಯೋಜನೆಯ ಕಡತ ಇಲ್ಲದ ಶಾಲೆ ಈಗ ಕಡಿಮೆ. ಆದರೆ ಬೆಳಿಗ್ಗೆ ಹನ್ನೊಂದೂವರೆಗೆ ಹೋಗಿ "ಹಿಂದಿನ ಗೇಟಿನ ಕೀಲಿಕೈ ಎಲ್ಲಿದೆ?" ಅಂತ ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಒಬ್ಬರು ಬೀರುವಿನಲ್ಲಿ ಅನ್ನುತ್ತಾರೆ. ಬೀರುವಿನ ಕೀಲಿ ಯಾರ ಹತ್ತಿರ ಅಂದರೆ, ಅವರು ಇವತ್ತು ತರಬೇತಿಗೆ ಹೋಗಿದ್ದಾರೆ. ನೀವು ಶುರು ಮಾಡಬೇಕಾದ್ದು ಇಲ್ಲಿಂದಲೇ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ನೀವು ನಕಲು ಮಾಡಿದ ಯೋಜನೆಯನ್ನು ಒಮ್ಮೆ ತೆರೆದು ನೋಡಿ. ಅದರಲ್ಲಿ ಸುನಾಮಿ ಬಂದರೆ ಏನು ಮಾಡಬೇಕು ಅಂತ ಒಂದು ಪುಟ ಇದ್ದರೂ ಆಶ್ಚರ್ಯವಿಲ್ಲ. ಹಾವೇರಿಗೆ ಸುನಾಮಿ! ಎಲ್ಲಿಂದಲೋ ಬಂದ ಮಾದರಿ ಕೈಯಿಂದ ಕೈಗೆ ದಾಟುತ್ತಾ ಬಂದಿರುತ್ತದೆ. ಅದೇ ಕಡತದಲ್ಲಿ ನಿಮ್ಮ ಆವರಣದ ಸಂಪಿನ ಮುಚ್ಚಳ ಮುರಿದಿರುವ ಮಾತಿರುವುದಿಲ್ಲ. ಮರಕ್ಕೆ ಹೆಜ್ಜೇನು ಕಟ್ಟಿರುವ ಮಾತೂ ಇರುವುದಿಲ್ಲ.

ಹೀಗೆ ಗಾಳಿಯಲ್ಲಿ ಬರೆದ ಯೋಜನೆಯಿಂದ ಏನಾಗಬಹುದು ಅನ್ನುವುದಕ್ಕೆ ಜಪಾನಿನ ಒಂದು ಶಾಲೆಯ ಕಥೆ ಹೇಳುತ್ತೇನೆ. ಡ್ರಿಲ್ ವಿಷಯದಲ್ಲಿ ಜಪಾನಿಗಿಂತ ಮುಂದೆ ಇರುವ ದೇಶ ಇಲ್ಲ. 2011ರ ಮಾರ್ಚ್ 11ರಂದು ಮಧ್ಯಾಹ್ನ 2:46ಕ್ಕೆ ಭಾರೀ ಭೂಕಂಪ ಆಯಿತು. ಇಶಿನೊಮಾಕಿಯ ಓಕಾವಾ ಪ್ರಾಥಮಿಕ ಶಾಲೆಯ ಮಕ್ಕಳು ಕಲಿತಿದ್ದಂತೆ ಡೆಸ್ಕಿನ ಕೆಳಗೆ ಕೂತರು. ಆಮೇಲೆ ಸಾಲಾಗಿ ಮೈದಾನಕ್ಕೆ ಬಂದು ನಿಂತರು. ಅಲ್ಲಿವರೆಗೆ ಎಲ್ಲ ಸರಿ. ಮುಂದೆ ಎಲ್ಲಿಗೆ ಹೋಗಬೇಕು? ಶಾಲೆಯ ಹಿಂದೆಯೇ ಗುಡ್ಡ ಇತ್ತು. ಕೈಪಿಡಿಯಲ್ಲಿ ಮಾತ್ರ "ಹತ್ತಿರದ ಖಾಲಿ ಜಾಗ ಅಥವಾ ಪಾರ್ಕು" ಎಂಬರ್ಥದ ಮಾತಿತ್ತು. ಯಾವ ಜಾಗ ಅಂತ ಹೆಸರಿರಲಿಲ್ಲ. ದೊಡ್ಡವರು ಚರ್ಚೆ ಮಾಡುತ್ತಾ ಸುಮಾರು 50 ನಿಮಿಷ ಕಳೆದರು. ಕೊನೆಗೆ ಹೊರಟಾಗ ಎದುರಿಗೆ ಸುನಾಮಿ ಬಂತು. 74 ಮಕ್ಕಳು, 10 ಜನ ಶಿಕ್ಷಕರು ಮತ್ತು ಸಿಬ್ಬಂದಿ ಪ್ರಾಣ ಕಳೆದುಕೊಂಡರು. ಪೋಷಕರು ಕೋರ್ಟಿಗೆ ಹೋದರು. ಅವತ್ತಿನ ಗಡಿಬಿಡಿ ಒಂದೇ ತಪ್ಪಲ್ಲ, ಮೊದಲೇ ಸರಿಯಾದ ಯೋಜನೆ ಮಾಡದೇ ಇದ್ದದ್ದೇ ತಪ್ಪು ಅಂತ 2018ರಲ್ಲಿ ಸೆಂಡೈ ಹೈಕೋರ್ಟ್ ಹೇಳಿತು. 2019ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಅದೇ ದಿನ ಕಾಮಾಯಿಶಿ ಎಂಬ ಊರಿನಲ್ಲಿ ಹೈಸ್ಕೂಲಿನ ಮಕ್ಕಳು ಯಾರ ಅಪ್ಪಣೆಗೂ ಕಾಯದೆ ಎತ್ತರದ ಕಡೆ ಓಡಿದರು. ಅವರನ್ನು ನೋಡಿ ಪಕ್ಕದ ಪ್ರಾಥಮಿಕ ಶಾಲೆಯ ಮಕ್ಕಳೂ ಓಡಿದರು. ಮೊದಲು ಗೊತ್ತುಮಾಡಿದ್ದ ಜಾಗ ಸಾಲದು ಅನ್ನಿಸಿದಾಗ ಇನ್ನೂ ಮೇಲೆ ಹೋದರು. ಆ ಮಕ್ಕಳು ಬದುಕಿದರು. ಎರಡೂ ಕಡೆ ಡ್ರಿಲ್ ನಡೆಯುತ್ತಿತ್ತು. ಆದರೆ ಯಾವ ಜಾಗಕ್ಕೆ ಹೋಗಬೇಕು, ಯಾರು ತೀರ್ಮಾನ ಮಾಡಬೇಕು ಅನ್ನುವುದು ಒಂದು ಕಡೆ ಮೊದಲೇ ಗೊತ್ತಿತ್ತು, ಇನ್ನೊಂದು ಕಡೆ ಗೊತ್ತಿರಲಿಲ್ಲ.

ಈಗ ನಿಮ್ಮ ಶಾಲೆಗೆ ಬರೋಣ. ನೀವು ಬರೆದಿರುವುದರಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಹುಟ್ಟಿಸಿದ್ದು ಒಂದೇ ವಾಕ್ಯ: ಇರುವ ಒಂದೇ ಮೆಟ್ಟಿಲಿನ ಪಕ್ಕದಲ್ಲಿ ಅಡುಗೆ ಕೋಣೆ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನಲ್ಲಿ ಹೀಗೆಯೇ ಆಯಿತು. ಮಧ್ಯಾಹ್ನದ ಊಟ ಬೇಯಿಸುವ ಕೋಣೆಯಲ್ಲಿ ಬೆಂಕಿ ಹತ್ತಿತು, ಗರಿಯ ಸೂರಿಗೆ ತಗುಲಿ ಮಹಡಿಯ ತರಗತಿಗಳಿಗೆ ಹೋಯಿತು. ಇಳಿಯಲು ಇಕ್ಕಟ್ಟಾದ ಮೆಟ್ಟಿಲು. 94 ಮಕ್ಕಳು ಸತ್ತರು. ಆಮೇಲೆ ಈ ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, 2009ರ ಏಪ್ರಿಲ್ 13ರಂದು ತೀರ್ಪು ಬಂತು. ಶಿಕ್ಷಣದ ಹಕ್ಕು ಅಂದರೆ ಸುರಕ್ಷಿತ ಶಾಲೆಯಲ್ಲಿ ಕಲಿಯುವ ಹಕ್ಕೂ ಹೌದು ಅಂತ ಕೋರ್ಟ್ ಹೇಳಿತು. ಶಾಲೆಗಳಲ್ಲಿ ಬೆಂಕಿ ಆರಿಸುವ ಉಪಕರಣ ಇರಬೇಕು, ಅದನ್ನು ಬಳಸಲು ಸಿಬ್ಬಂದಿಗೆ ಬರಬೇಕು ಎಂದೂ ಆದೇಶಿಸಿತು. ನಿಮ್ಮಿಂದ ಈಗ ಕಡತ ಕೇಳುತ್ತಿರುವುದರ ಹಿಂದೆ ಈ ತೀರ್ಪಿನ ಪಾಲೂ ಇದೆ. 2016ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಹೊರಡಿಸಿದ ಶಾಲಾ ಸುರಕ್ಷತಾ ಮಾರ್ಗಸೂಚಿಯ ಪಾಲೂ ಇದೆ.

ನಿಮ್ಮದು ಆರ್‌ಸಿಸಿ ಚಾವಣಿ ಇರಬಹುದು, ಗರಿಯ ಸೂರಲ್ಲ. ಆದರೂ ಹೊಗೆ ಮೇಲಕ್ಕೇ ಹೋಗುತ್ತದೆ, ಅದಕ್ಕೆ ಸುಲಭದ ದಾರಿ ಮೆಟ್ಟಿಲು. ಬೆಂಕಿಯಲ್ಲಿ ಸುಟ್ಟು ಸಾಯುವವರಿಗಿಂತ ಹೊಗೆಗೆ ಉಸಿರು ಕಟ್ಟಿ ಸಾಯುವವರೇ ಜಾಸ್ತಿ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಎಂಬ ಕಚೇರಿ ಕಟ್ಟಡದ ಬೆಂಕಿಯಲ್ಲಿ 9 ಜನ ಸತ್ತರಲ್ಲ, ಅಲ್ಲಿಯೂ ದೊಡ್ಡ ಶತ್ರು ಹೊಗೆಯೇ. ಹೊರಗೆ ಹೋಗುವ ಬಾಗಿಲುಗಳಿಗೆ ಬೀಗ ಇತ್ತು. ಉಸಿರು ಕಟ್ಟಿದವರು ಕಿಟಕಿಯಿಂದ ಹಾರಿದರು. ದೊಡ್ಡವರೇ ಹಾಗೆ ಮಾಡಿದರೆ ಮಕ್ಕಳ ಗತಿ ಏನು?

ಹಾಗಾಗಿ ನಿಮ್ಮ ಮೊದಲ ಕೆಲಸ ಡ್ರಿಲ್ ಅಲ್ಲ, ಅಡುಗೆ ಕೋಣೆ. ಅದನ್ನು ಬೇರೆ ಕಡೆ ಸರಿಸಲು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಠರಾವು ಮಾಡಿ ಗ್ರಾಮ ಪಂಚಾಯಿತಿಗೆ ಕೊಡಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೂ ಒಂದು ಪ್ರತಿ ಕಳಿಸಿ. ಅದು ಆಗುವಾಗ ಆಗಲಿ. ಅಲ್ಲಿವರೆಗೆ ಸಿಲಿಂಡರ್‌ಗಳನ್ನು ಕೋಣೆಯ ಹೊರಗೆ, ಮೆಟ್ಟಿಲಿನಿಂದ ದೂರದ ಗೋಡೆಗೆ ಜಾಲರಿ ಗೂಡು ಮಾಡಿ ನಿಲ್ಲಿಸಿ. ತುಂಬಿದ ಸಿಲಿಂಡರ್‌ಗಳನ್ನು ಮೆಟ್ಟಿಲಿನ ಕೆಳಗೆ ಸಾಲಾಗಿ ಇಡುವ ಅಭ್ಯಾಸ ಬಹಳ ಶಾಲೆಗಳಲ್ಲಿದೆ, ಅದನ್ನು ಇವತ್ತೇ ನಿಲ್ಲಿಸಿ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗದೆ ನೆಲದ ಮೇಲೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ವಾಸನೆ ಬಂದಾಗ ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆಗೆದು, ಎಲ್ಲರೂ ಹೊರಗೆ.

ಅಡುಗೆ ಮಾಡುವ ಅಕ್ಕಂದಿರಿಗೆ ನೀವು ಒಂದು ಅಧಿಕಾರ ಕೊಡಬೇಕು. ಬೆಂಕಿ ಮೊದಲು ಕಣ್ಣಿಗೆ ಬೀಳುವುದು ಅವರಿಗೆ. ಆದರೆ ಗಂಟೆ ಬಾರಿಸುವ ಧೈರ್ಯ ಅವರಿಗೆ ಇರುವುದಿಲ್ಲ. "ಮೇಡಂ ಏನಂತಾರೋ, ಸುಮ್ನೆ ಗಲಾಟೆ ಆದರೆ?" ಅಂತ ಮೊದಲು ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ. ನೀವು ಮೀಟಿಂಗಿಗೆ ಹೋಗಿರುತ್ತೀರಿ. ಅದಕ್ಕೇ ಎಲ್ಲರ ಎದುರು ಹೇಳಿಬಿಡಿ: ಅಪಾಯ ಕಂಡವರು ಯಾರೇ ಆಗಲಿ, ಅಡುಗೆಯವರಾಗಲಿ, ಏಳನೇ ತರಗತಿಯ ಹುಡುಗಿಯಾಗಲಿ, ಕೇಳದೆ ಗಂಟೆ ಬಾರಿಸಬಹುದು. ಸುಳ್ಳಾದರೆ ಯಾರೂ ಬೈಯುವುದಿಲ್ಲ. ಓಕಾವಾದ 50 ನಿಮಿಷ ನಿಮ್ಮಲ್ಲಿ ಆಗದಂತೆ ತಡೆಯುವುದು ಈ ಒಂದು ಮಾತು.

ಗಂಟೆಯ ವಿಷಯದಲ್ಲೂ ಸ್ವಲ್ಪ ನಿಲ್ಲಬೇಕು. ಡ್ರಿಲ್ ಅಂದರೆ ಗಂಟೆ ಹೊಡೆದು ಮಕ್ಕಳನ್ನು ಹೊರಗೆ ಕರೆಸುವುದು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಬೆಂಕಿಗೆ ಅದು ಸರಿ. ಹೆಜ್ಜೇನಿಗೆ? ಹಳ್ಳಿ ಶಾಲೆಗಳಲ್ಲಿ ಬೆಂಕಿಗಿಂತ ಹೆಜ್ಜೇನಿನ ದಾಳಿಯ ಸುದ್ದಿಯೇ ನನ್ನ ಕಿವಿಗೆ ಜಾಸ್ತಿ ಬೀಳುತ್ತದೆ. ಆಲದ ಮರಕ್ಕೋ ನೀರಿನ ಟ್ಯಾಂಕಿನ ಕೆಳಗೋ ಗೂಡು ಕಟ್ಟಿರುತ್ತದೆ. ಯಾವನೋ ಹುಡುಗ ಕಲ್ಲು ಹೊಡೆಯುತ್ತಾನೆ, ಇಲ್ಲ ಹದ್ದು ಬಂದು ಕೆಣಕುತ್ತದೆ. ಆಗ ಗಂಟೆ ಹೊಡೆದು ಮಕ್ಕಳನ್ನು ಮೈದಾನಕ್ಕೆ ಕರೆದರೆ ಏನಾಗುತ್ತದೆ ಯೋಚನೆ ಮಾಡಿ. ಸಿಡಿಲಿಗೂ ಇದೇ ಮಾತು, ಬೀದಿ ನಾಯಿ ಒಳಗೆ ನುಗ್ಗಿದಾಗಲೂ ಇದೇ ಮಾತು. ಇವುಗಳಿಗೆ ಮಕ್ಕಳು ಒಳಗೆ ಓಡಬೇಕು, ಬಾಗಿಲು ಕಿಟಕಿ ಹಾಕಿಕೊಳ್ಳಬೇಕು.

ಆದ್ದರಿಂದ ಎರಡು ಸದ್ದು ಬೇಕು. "ಹೊರಗೆ" ಅನ್ನುವುದಕ್ಕೆ ನಿಲ್ಲಿಸದೆ ಬಾರಿಸುವ ಗಂಟೆ. "ಒಳಗೆ" ಅನ್ನುವುದಕ್ಕೆ ಪಿಟಿ ಮಾಸ್ತರರ ಸೀಟಿ, ಉದ್ದಕ್ಕೆ ಮತ್ತೆ ಮತ್ತೆ. ಅದಕ್ಕಿಂತ ಜಾಸ್ತಿ ಬೇಡ, ಮಕ್ಕಳಿಗೆ ಗೊಂದಲ ಆಗುತ್ತದೆ. ಕರೆಂಟ್ ಬೆಲ್ ನೆಚ್ಚಿಕೊಳ್ಳಬೇಡಿ. ಬೆಂಕಿ ಬಿದ್ದಾಗ ಮೊದಲು ಹೋಗುವುದೇ ಕರೆಂಟು. ಹಳೆಯ ಶಾಲೆಗಳಲ್ಲಿ ರೈಲು ಕಂಬಿಯ ತುಂಡು ನೇತುಹಾಕಿ ಹೊಡೆಯುತ್ತಿದ್ದರಲ್ಲ, ಅದಕ್ಕಿಂತ ಒಳ್ಳೆಯ ಸಾಧನ ಇನ್ನೂ ಬಂದಿಲ್ಲ. ಹೊಡೆಯುವ ಕಬ್ಬಿಣದ ಸರಳನ್ನು ಆಫೀಸಿನ ಒಳಗೆ ಇಡಬೇಡಿ, ಅಲ್ಲೇ ಸರಪಳಿಗೆ ಕಟ್ಟಿ.

ಹೆಜ್ಜೇನು ಬಂದಾಗ ಮಕ್ಕಳು ಕೈ ಬೀಸಿ ಹೊಡೆಯಬಾರದು, ನೆಲದ ಮೇಲೆ ಬಿದ್ದು ಹೊರಳಾಡಬಾರದು. ತಲೆ ಮುಖ ಮುಚ್ಚಿಕೊಂಡು ಹತ್ತಿರದ ಕೋಣೆಗೆ ಓಡಬೇಕು. ಮುಳ್ಳು ಚುಚ್ಚಿದ್ದರೆ ಉಗುರಿನಿಂದ ಕೆರೆದು ಬೇಗ ತೆಗೆಯಿರಿ. ಉಸಿರಾಟಕ್ಕೆ ಕಷ್ಟ ಆದರೆ, ತುಟಿ ಮುಖ ಊದಿಕೊಂಡರೆ, ತುಂಬಾ ಕಡೆ ಕಚ್ಚಿದ್ದರೆ ಮನೆ ಮದ್ದು ಮಾಡುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಇನ್ನು ಸಿಡಿಲು. ಗುಡುಗಿನ ಸದ್ದು ಕಿವಿಗೆ ಬಿತ್ತು ಅಂದರೆ ಸಿಡಿಲು ಬೀಳುವಷ್ಟು ಹತ್ತಿರ ಇದ್ದೀರಿ ಅಂತ ಅರ್ಥ. ಆಟ ನಿಲ್ಲಿಸಿ ಒಳಗೆ ಕರೆಯಿರಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊರಗೆ ಬಿಡಬೇಡಿ. ಮಳೆ ಬಂತು ಅಂತ ಮಕ್ಕಳು ಓಡಿಹೋಗಿ ಮರದ ಕೆಳಗೆ ನಿಲ್ಲುತ್ತಾರೆ, ಅದನ್ನು ಬಿಡಿಸಲೇಬೇಕು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ "ಸಿಡಿಲು" ಆ್ಯಪ್ ಇದೆ. ಒಬ್ಬ ಶಿಕ್ಷಕರ ಫೋನಿನಲ್ಲಿ ಇದ್ದರೂ ಸಾಕು.

ಭೂಕಂಪದ ಬಗ್ಗೆ ನಿಮಗೆ ಜಾಸ್ತಿ ಹೇಳುವುದಿಲ್ಲ, ನಿಮ್ಮ ಕಡೆ ಆ ಅಪಾಯ ಕಡಿಮೆ. ಆದರೆ ಕಲಬುರಗಿ, ಬೀದರ್, ವಿಜಯಪುರ ಕಡೆಯ ಶಿಕ್ಷಕರು ಇದನ್ನು ಓದುತ್ತಿದ್ದರೆ ಅವರು ಬಿಡುವ ಹಾಗಿಲ್ಲ. 1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಆದ ಭೂಕಂಪ ಅಲ್ಲಿನ ಹಿರಿಯರಿಗೆ ಇನ್ನೂ ನೆನಪಿದೆ. 2021ರಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ನೆಲ ಮತ್ತೆ ಮತ್ತೆ ನಡುಗಿ ಜನ ಮನೆ ಹೊರಗೆ ಮಲಗಿದ್ದರು. ಅಲ್ಲಿ ನಡುಗುತ್ತಿರುವಾಗ ಡೆಸ್ಕಿನ ಕೆಳಗೆ ತಲೆ ಕಾಪಾಡಿಕೊಂಡು ಕೂರುವುದು, ನಿಂತ ಮೇಲೆ ಹೊರಗೆ ಬರುವುದು, ಎರಡನ್ನೂ ಸೇರಿಸಿ ಕಲಿಸಬೇಕು. ನಿಮ್ಮ ಶಾಲೆಗೆ ಅದಕ್ಕಿಂತ ಮುಖ್ಯ ಮಳೆಗಾಲದಲ್ಲಿ ಸೋರುವ ಹಳೇ ಕೊಠಡಿ. ಗೋಡೆ ನೆನೆದು ಉಬ್ಬಿದ್ದರೆ, ಬಿರುಕು ಅಗಲ ಆಗುತ್ತಿದ್ದರೆ ಅಲ್ಲಿ ಮಕ್ಕಳನ್ನು ಕೂರಿಸಬೇಡಿ. ಎಂಜಿನಿಯರ್ ಬಂದು ನೋಡುವವರೆಗೆ ಎರಡು ತರಗತಿ ಒಟ್ಟಿಗೆ ಕೂತರೆ ಪಾಠ ಸ್ವಲ್ಪ ಹಿಂದೆ ಬೀಳಬಹುದು, ಅಷ್ಟೇ.

ಈಗ ಡ್ರಿಲ್. ಮಕ್ಕಳು ನಗುತ್ತಾ ಬಂದರು ಅಂದಿರಿ. ನಗಲಿ, ಅದು ತಪ್ಪಲ್ಲ. ನನ್ನ ಆಕ್ಷೇಪ ಬೇರೆ: ಮೊದಲೇ ಹೇಳಿ, ಎಲ್ಲರನ್ನೂ ಸಿದ್ಧ ಮಾಡಿ, ಎಲ್ಲ ಬಾಗಿಲೂ ತೆಗೆದಿಟ್ಟು ಮಾಡಿದ ಡ್ರಿಲ್ಲಿನಿಂದ ನಿಮಗೆ ಹೊಸದೇನೂ ಗೊತ್ತಾಗುವುದಿಲ್ಲ. ಎಲ್ಲಿ ಕೆಡುತ್ತದೆ ಅಂತ ನೋಡುವುದಕ್ಕೇ ಡ್ರಿಲ್ ಮಾಡುವುದು. ನಾನು ಡ್ರಿಲ್ ನೋಡಲು ಹೋದರೆ ಮೈದಾನದಲ್ಲಿ ನಿಲ್ಲುವುದಿಲ್ಲ, ಮಹಡಿಯ ತರಗತಿಯ ಬಾಗಿಲ ಪಕ್ಕ ನಿಲ್ಲುತ್ತೇನೆ. ಗಂಟೆ ಆಗುತ್ತದೆ. ಮಕ್ಕಳು ಏಳುತ್ತಾರೆ, ಬಾಗಿಲ ಹತ್ತಿರ ಬಂದು ನಿಲ್ಲುತ್ತಾರೆ. ಯಾಕೆ? ಚಪ್ಪಲಿ! ಹೊರಗೆ ಬಿಟ್ಟ ಮೂವತ್ತು ನಲವತ್ತು ಜೊತೆ ಚಪ್ಪಲಿಯ ರಾಶಿಯಲ್ಲಿ ಪ್ರತಿಯೊಬ್ಬರೂ ತಮ್ಮದನ್ನು ಹುಡುಕುತ್ತಾರೆ. ಒಂದು ಮಗು ಬಗ್ಗುತ್ತದೆ, ಹಿಂದಿನದು ಅದರ ಮೇಲೆ ಬೀಳುತ್ತದೆ. ಒಬ್ಬಳು ಬ್ಯಾಗಿಗೆ ಅಂತ ವಾಪಸ್ ಓಡುತ್ತಾಳೆ, ಹೊಸ ಜಾಮಿಟ್ರಿ ಬಾಕ್ಸ್ ಇದೆಯಂತೆ ಅದರಲ್ಲಿ. ಯಾವ ಮಾರ್ಗಸೂಚಿಯಲ್ಲೂ ಚಪ್ಪಲಿಯ ಮಾತು ನಾನು ಓದಿಲ್ಲ. ಆದರೆ ನಮ್ಮ ಶಾಲೆಗಳಲ್ಲಿ ಮಕ್ಕಳು ಮುಗ್ಗರಿಸುವುದು ಅಲ್ಲೇ. ಚಪ್ಪಲಿ ಬಿಡುವ ಜಾಗವನ್ನು ಬಾಗಿಲಿನಿಂದ ಪಕ್ಕಕ್ಕೆ ಸರಿಸಿ. ಗಂಟೆ ಆದರೆ ಬರಿಗಾಲು, ಬರಿಗೈ ಅಂತ ಕಲಿಸಿ. ಆಮೇಲೆ ಡ್ರಿಲ್ ಎಷ್ಟು ಚುರುಕಾಗುತ್ತದೆ ನೋಡಿ.

ಮೆಟ್ಟಿಲು ಒಂದೇ ಇರುವುದರಿಂದ ಓಟ ಬೇಡವೇ ಬೇಡ. ಒಬ್ಬರು ಬಿದ್ದರೆ ಇಡೀ ಮಹಡಿ ನಿಂತುಹೋಗುತ್ತದೆ. ಮೆಟ್ಟಿಲಿಗೆ ಹತ್ತಿರದ ಕೊಠಡಿ ಮೊದಲು, ಆಮೇಲೆ ಅದರ ಪಕ್ಕದ್ದು. ಕೈಹಿಡಿಯ ಕಡೆ ಒಂದೇ ಸಾಲು, ಬೇಗ ಬೇಗ ನಡಿಗೆ. ತರಗತಿಯ ಇಬ್ಬರು ಮಕ್ಕಳು ಸಾಲಿನ ಮುಂದೆ, ಶಿಕ್ಷಕರು ಕೊನೆಗೆ. ಕೊನೆಗೆ ಬರುವವರು ಬಾಗಿಲು ಎಳೆದುಕೊಂಡು ಬರಲಿ, ಹೊಗೆ ಹರಡುವುದು ನಿಧಾನ ಆಗುತ್ತದೆ. ನಲಿ-ಕಲಿಯ (ಒಂದರಿಂದ ಮೂರನೇ ತರಗತಿಯ) ಮಕ್ಕಳು ಮಹಡಿ ಮೇಲೆ ಇದ್ದರೆ ನಾಳೆಯೇ ಕೆಳಗೆ ತನ್ನಿ. ನಡೆಯಲು ಕಷ್ಟ ಇರುವ ಮಗು ಇದ್ದರೆ ಆ ಮಗುವಿನ ಇಡೀ ತರಗತಿಯನ್ನೇ ಕೆಳಗಿನ ಕೋಣೆಗೆ ಬದಲಿಸಿ. ಮಗುವನ್ನು ಯಾರು ಎತ್ತಿಕೊಳ್ಳಬೇಕು ಅಂತ ಆಮೇಲೆ ಒದ್ದಾಡುವುದಕ್ಕಿಂತ ಇದು ವಾಸಿ.

ಮೆಟ್ಟಿಲೇ ಹೊಗೆಯಿಂದ ತುಂಬಿದ್ದರೆ? ನಿಮ್ಮ ಅಡುಗೆ ಕೋಣೆ ಇರುವ ಜಾಗದಲ್ಲಿ ಇದನ್ನು ಕೇಳಿಕೊಳ್ಳಲೇಬೇಕು. ಆಗ ಇಳಿಯುವ ಸಾಹಸ ಬೇಡ. ಮೆಟ್ಟಿಲಿನಿಂದ ದೂರದ ಕೊಠಡಿಗೆ ಎಲ್ಲರನ್ನೂ ಸೇರಿಸಿ, ಬಾಗಿಲು ಹಾಕಿ, ಸಂದಿಗೆ ಬಟ್ಟೆ ತುರುಕಿ. ಹೊರಗಿನ ಕಡೆಯ ಕಿಟಕಿ ತೆಗೆದು ಕೂಗಿ ಕರೆಯಿರಿ. ಮಕ್ಕಳು ನೆಲಕ್ಕೆ ಹತ್ತಿರ ಕೂರಲಿ, ಒಳ್ಳೆಯ ಗಾಳಿ ಇರುವುದು ಕೆಳಗೆ. ಆ ಕೊಠಡಿಯ ಒಂದು ಕಿಟಕಿಗಾದರೂ ಒಳಗಿನಿಂದ ತೆಗೆಯಬಹುದಾದ ಸರಳಿನ ಚೌಕಟ್ಟು ಹಾಕಿಸಿ. ಊರಿನ ವೆಲ್ಡಿಂಗ್ ಅಂಗಡಿಯವರಿಗೆ ಇದು ಅರ್ಧ ದಿನದ ಕೆಲಸ. ವರ್ಷಕ್ಕೊಂದು ಡ್ರಿಲ್ಲಿನಲ್ಲಿ ಹೇಳದೆ ಕೇಳದೆ ಮೆಟ್ಟಿಲಿಗೆ ಒಂದು ಬೆಂಚು ಅಡ್ಡ ಇಟ್ಟು "ಇಲ್ಲಿ ಬೆಂಕಿ" ಅಂತ ಬೋರ್ಡು ಹಾಕಿ, ಶಿಕ್ಷಕರು ಏನು ಮಾಡುತ್ತಾರೆ ನೋಡಿ.

ಹೊರಗೆ ಬಂದ ಮೇಲೆ ಎಲ್ಲಿ ನಿಲ್ಲಬೇಕು? ಧ್ವಜದ ಕಟ್ಟೆ ಅಂತ ಎಲ್ಲರೂ ಬರೆಯುತ್ತಾರೆ. ಮೇಲೆ ಒಮ್ಮೆ ನೋಡಿ. ವಿದ್ಯುತ್ ತಂತಿ ಹಾದುಹೋಗಿದೆಯೇ? ನೀರಿನ ಟ್ಯಾಂಕ್ ಪಕ್ಕದಲ್ಲಿದೆಯೇ? ಒಣಗಿದ ಕೊಂಬೆ ಇದೆಯೇ? ಮಕ್ಕಳು ನಿಂತರೆ ಅಗ್ನಿಶಾಮಕ ವಾಹನ ಒಳಗೆ ಬರುವ ದಾರಿ ಮುಚ್ಚಿಹೋಗುತ್ತದೆಯೇ? ಜಾಗ ಗೊತ್ತುಮಾಡಿ ಸುಣ್ಣದಲ್ಲಿ ತರಗತಿಯ ಅಂಕಿ ಬರೆಯಿರಿ. ತಂತಿ ಕೆಳಗೆ ಜೋತುಬಿದ್ದಿದ್ದರೆ 1912ಕ್ಕೆ ದೂರು ಕೊಟ್ಟು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಅಲ್ಲಿ ತಲೆ ಎಣಿಸಬೇಡಿ, ಹೆಸರು ಕೂಗಿ. ಎಣಿಕೆ ಸರಿಹೋಯಿತು ಅಂತ ಶಿಕ್ಷಕರು ನೆಮ್ಮದಿಯಾಗಿ ನಿಂತಿರುತ್ತಾರೆ, ಸಾಲಿನಲ್ಲಿ ಪಕ್ಕದ ತರಗತಿಯ ಹುಡುಗ ಸೇರಿರುತ್ತಾನೆ, ಅವರದೇ ಒಂದು ಮಗು ಶೌಚಾಲಯದಲ್ಲಿ ಚಿಲಕ ಹಾಕಿಕೊಂಡು ಅಳುತ್ತಿರುತ್ತದೆ. ಹಾಜರಿ ಪುಸ್ತಕ ಶಿಕ್ಷಕರ ಕೈಯಲ್ಲೇ ಹೊರಗೆ ಬರಬೇಕು. ಶೌಚಾಲಯ ಮತ್ತು ಸ್ಟೋರ್ ರೂಮ್ ನೋಡಿ ಬರುವುದು ಒಬ್ಬರ ಕೆಲಸ, ಅದಕ್ಕೆ ಹೆಸರು ಬರೆಯಿರಿ. ಊಟದ ಹೊತ್ತಿನಲ್ಲಿ ಒಂದು ಡ್ರಿಲ್ ಮಾಡಲೇಬೇಕು, ಯಾಕೆಂದರೆ ಆಗ ಯಾವ ಮಗುವೂ ತನ್ನ ಜಾಗದಲ್ಲಿ ಇರುವುದಿಲ್ಲ. ನಾಲ್ಕು ಜನ ಪಕ್ಕದ ಅಂಗಡಿಗೆ ಹೋಗಿರುತ್ತಾರೆ, ಇಬ್ಬರು ಮನೆಗೆ ಹೋಗಿರುತ್ತಾರೆ. ನಿಮ್ಮ ಅಡುಗೆ ಕೋಣೆಯ ಬೆಂಕಿ ಬೀಳುವುದಾದರೆ ಅದೇ ಹೊತ್ತಿಗೆ ಅಲ್ವಾ?

ಯಾರು ಏನು ಮಾಡಬೇಕು ಎಂದು ಬರೆಯುವಾಗ ಪ್ರತಿ ಕೆಲಸಕ್ಕೂ ಎರಡು ಹೆಸರು ಹಾಕಿ. ನಿಮ್ಮ ಹೆಸರಿನ ಕೆಳಗೂ ಇನ್ನೊಂದು ಹೆಸರು. ತುರ್ತು ಸಹಾಯದ 112ಕ್ಕೆ ಫೋನ್ ಮಾಡುವವರು ಒಬ್ಬರು. ಊರಿನ ಹೆಸರು, ಮುಖ್ಯ ರಸ್ತೆಯಿಂದ ಬರುವ ದಾರಿ, ಏನಾಗಿದೆ, ಎಷ್ಟು ಮಕ್ಕಳು, ಇಷ್ಟನ್ನು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ. ಗಾಬರಿಯಲ್ಲಿ ನಮ್ಮ ಶಾಲೆಯ ಗುರುತೇ ಬಾಯಿಗೆ ಬರುವುದಿಲ್ಲ. ಗೇಟ್ ತೆಗೆಯುವವರು ಒಬ್ಬರು. ಮೆಟ್ಟಿಲಿನ ಗ್ರಿಲ್‌ಗೆ ಶಾಲೆಯ ಹೊತ್ತಿನಲ್ಲಿ ಬೀಗ ಇರಲೇಬಾರದು, ಚಿಲಕ ಸಾಕು. ಹಿಂದಿನ ಗೇಟಿನ ಕೀಲಿಕೈ ಎರಡು ಇರಲಿ: ಒಂದು ಆಫೀಸಿನ ಗೋಡೆಯ ಮೊಳೆಗೆ, ಒಂದು ಅಡುಗೆಯವರ ಹತ್ತಿರ.

ಬೆಂಕಿ ಆರಿಸುವ ಸಿಲಿಂಡರ್ ಬಗ್ಗೆಯೂ ಹೇಳಿಬಿಡುತ್ತೇನೆ. ನಿಮಗೆ ಎಬಿಸಿ ಪೌಡರಿನ (ಕಟ್ಟಿಗೆ, ಎಣ್ಣೆ, ಅನಿಲ ಮೂರರ ಬೆಂಕಿಗೂ ಆಗುವ ಒಣ ಪುಡಿ) ಎರಡು ಸಾಕು: ಒಂದು ಅಡುಗೆ ಕೋಣೆಯ ಒಳಗಲ್ಲ, ಅದರ ಬಾಗಿಲ ಹೊರಗೆ. ಇನ್ನೊಂದು ಮಹಡಿಯಲ್ಲಿ. ಗಡಿಯಾರದಂಥ ಮೀಟರಿನ ಮುಳ್ಳು ಹಸಿರಿನಲ್ಲಿ ಇರಬೇಕು. ಪಿನ್ ಎಳೆದು, ಬೆಂಕಿಯ ಬುಡಕ್ಕೆ ಗುರಿಯಿಟ್ಟು, ಹಿಡಿ ಒತ್ತಿ, ಆ ಕಡೆ ಈ ಕಡೆ ಆಡಿಸಬೇಕು. ಆರು ಕೆಜಿಯದ್ದು ಬರುವುದು ಸುಮಾರು 15–20 ಸೆಕೆಂಡ್ ಮಾತ್ರ. ಅಷ್ಟರಲ್ಲಿ ಆರದಿದ್ದರೆ ಬಿಟ್ಟು ಓಡಿ. ಎಣ್ಣೆ ಬಾಣಲೆಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು, ಒಲೆ ಆರಿಸಿ ಮುಚ್ಚಳ ಮುಚ್ಚಬೇಕು. ಒದ್ದೆ ಗೋಣಿಚೀಲವನ್ನು ಚೆನ್ನಾಗಿ ಹಿಂಡಿ ಹೊದಿಸಿದರೂ ಆಗುತ್ತದೆ.

ಪೋಷಕರ ಮಾತಿಗೆ ಬರುತ್ತೇನೆ. ಮಕ್ಕಳನ್ನು ಹೆದರಿಸಬೇಡಿ ಅನ್ನುವುದರಲ್ಲಿ ನ್ಯಾಯ ಇದೆ. ಅಮೆರಿಕದ ಶಾಲೆಗಳಲ್ಲಿ ಬಂದೂಕುಧಾರಿ ಬಂದ ಹಾಗೆ ನಟಿಸಿ, ಸುಳ್ಳು ರಕ್ತ ಬಳಿದು ಡ್ರಿಲ್ ಮಾಡುವ ಚಾಳಿ ಬೆಳೆದಿತ್ತು. ಅಲ್ಲಿನ ಮಕ್ಕಳ ವೈದ್ಯರ ಸಂಘ 2020ರಲ್ಲಿ ಇಂಥದ್ದು ಬೇಡ, ಮಕ್ಕಳಿಗೆ ನಿಜ ಅಂತ ನಂಬಿಸಿ ಡ್ರಿಲ್ ಮಾಡಬಾರದು ಅಂತ ಹೇಳಿತು. ನಮಗೂ ಹೊಗೆ ಬಾಂಬು, ಅರಚಾಟ, ಬ್ಯಾಂಡೇಜು ನಾಟಕ ಯಾವುದೂ ಬೇಡ. ಶಿಕ್ಷಕರಿಗೆ ಮಾತ್ರ ಮುಂಚಿತವಾಗಿ ಹೇಳದೆ ಮಾಡಿ. ಮಕ್ಕಳಿಗೆ ಗಂಟೆ ಆದ ಕೂಡಲೇ "ಇದು ಡ್ರಿಲ್" ಅಂತ ಹೇಳಿಬಿಡಿ. ಚಿಕ್ಕ ಮಕ್ಕಳಿಗೆ ಅದು ಆಟವೇ ಆಗಲಿ: ಹೊಗೆ ಬಂದರೆ ಬೆಕ್ಕಿನ ಹಾಗೆ ಹೋಗುವುದು, ಗಂಟೆ ಬಂದರೆ ಇರುವೆ ಸಾಲು. ನಗುತ್ತಾ ಕಲಿತದ್ದು ಅವಕ್ಕೆ ಮರೆಯುವುದಿಲ್ಲ.

ಆದರೆ ಪೋಷಕರಿಗೂ ಒಂದು ಡ್ರಿಲ್ ಬೇಕು. 2023ರ ಡಿಸೆಂಬರ್ 1ರಂದು ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇಮೇಲ್ ಬಂತು. ಸುಳ್ಳು ಅಂತ ಆಮೇಲೆ ಗೊತ್ತಾಯಿತು. ಆದರೆ ಸುದ್ದಿ ಟಿವಿಯಲ್ಲಿ ಬಂದದ್ದೇ ತಡ, ಅಪ್ಪ ಅಮ್ಮಂದಿರೆಲ್ಲ ಶಾಲೆಗಳ ಗೇಟಿಗೆ ಓಡಿ ಬಂದರು. ಅವರ ಸಂಕಟ ಸಹಜ. ಹೀಗೆ ಎಲ್ಲರೂ ಒಂದೇ ಗೇಟಿಗೆ ಬಂದರೆ ಆಂಬುಲೆನ್ಸ್ ಒಳಗೆ ಬರುವುದು ಹೇಗೆ, ಯಾವ ಮಗುವನ್ನು ಯಾರು ಕರೆದುಕೊಂಡು ಹೋದರು ಅಂತ ತಿಳಿಯುವುದು ಹೇಗೆ? ಮುಂದಿನ ಪೋಷಕರ ಸಭೆಯಲ್ಲಿ ಹೇಳಿಬಿಡಿ: ಏನಾದರೂ ಆದರೆ ಮಕ್ಕಳನ್ನು ಒಪ್ಪಿಸುವುದು ಇಂಥ ಜಾಗದಲ್ಲಿ, ಉದಾಹರಣೆಗೆ ಗುಡಿಯ ಮುಂದಿನ ಕಟ್ಟೆಯಲ್ಲಿ. ಶಾಲೆಯ ಗೇಟಿಗೆ ಬರಬೇಡಿ. ಮಗುವನ್ನು ಕರೆದುಕೊಂಡು ಹೋಗಲು ಯಾರ್ಯಾರು ಬರಬಹುದು ಅಂತ ಎರಡು ಹೆಸರು ಬರೆದುಕೊಡಿ. ಸಹಿ ಇಲ್ಲದೆ ಮಗುವನ್ನು ಕಳಿಸುವುದಿಲ್ಲ, ಸ್ವಂತ ಚಿಕ್ಕಪ್ಪ ಬಂದರೂ ಅಷ್ಟೇ. ಇದನ್ನು ಕೇಳಿದ ಪೋಷಕರು ಆಮೇಲೆ "ಹೆದರಿಸಬೇಡಿ" ಅನ್ನುವುದು ನಾನಂತೂ ಕಡಿಮೆ ಕೇಳಿದ್ದೇನೆ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ವಾರ್ಷಿಕೋತ್ಸವ. 1995ರ ಡಿಸೆಂಬರ್ 23ರಂದು ಹರಿಯಾಣದ ಡಬ್ವಾಲಿಯಲ್ಲಿ ಶಾಲಾ ಕಾರ್ಯಕ್ರಮದ ಶಾಮಿಯಾನಕ್ಕೆ ಬೆಂಕಿ ಬಿದ್ದು 400ಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ ಮಕ್ಕಳೇ ಜಾಸ್ತಿ. ಸಿಂಥೆಟಿಕ್ ಬಟ್ಟೆ, ಹೊರಗೆ ಹೋಗಲು ಒಂದೇ ದಾರಿ. ನಿಮ್ಮ ಊರಿನಲ್ಲಿ ಪೆಂಡಾಲ್ ಹಾಕುವವರಿಗೆ ಮೂರು ಕಡೆ ತೆರೆದಿಡಲು ಹೇಳಿ. ಲೈಟಿನ ವೈರು ಬಟ್ಟೆಗೆ ತಾಗಬಾರದು, ಜನರೇಟರ್ ದೂರ ಇರಲಿ. ವೇದಿಕೆಯಿಂದ ಮೊದಲ ಮಾತು ಸ್ವಾಗತ ಭಾಷಣ ಅಲ್ಲ, ಹೊರಗೆ ಹೋಗುವ ದಾರಿ ಎಲ್ಲಿದೆ ಅನ್ನುವುದು ಆಗಲಿ. ಅತಿಥಿಗಳು ಅರ್ಧ ನಿಮಿಷ ಕಾಯುತ್ತಾರೆ.

ತಾಲ್ಲೂಕಿನ ಅಗ್ನಿಶಾಮಕ ಠಾಣೆಗೆ ಒಂದು ಪತ್ರ ಬರೆದರೆ ಸಿಬ್ಬಂದಿ ಬಂದು ತೋರಿಸಿಕೊಡುತ್ತಾರೆ. ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. 1944ರಲ್ಲಿ ಬಾಂಬೆ ಬಂದರಿನ ಹಡಗು ಸ್ಫೋಟದಲ್ಲಿ ಸತ್ತ ಅಗ್ನಿಶಾಮಕ ಸಿಬ್ಬಂದಿಯ ನೆನಪಿಗೆ ಅದು. ಆದರೆ ಅಷ್ಟೊತ್ತಿಗೆ ನಮ್ಮ ಶಾಲೆಗಳಿಗೆ ಬೇಸಿಗೆ ರಜೆ! ಹಾಗಾಗಿ ಸಪ್ತಾಹಕ್ಕೆ ಕಾಯಬೇಡಿ. ಜೂನ್ ತಿಂಗಳಲ್ಲೇ ಕರೆಸಿ, ಪ್ರದರ್ಶನಕ್ಕಿಂತ ಮುಂಚೆ ಠಾಣಾಧಿಕಾರಿಯವರ ಜೊತೆ ಆವರಣ ಸುತ್ತಿ. ಅವರ ಗಾಡಿ ನಿಮ್ಮ ಗೇಟಿನಲ್ಲಿ ತಿರುಗುತ್ತದೆಯೇ, ನೀರು ಹತ್ತಿರದಲ್ಲಿ ಎಲ್ಲಿ ಸಿಗುತ್ತದೆ, ಠಾಣೆಯಿಂದ ಬರಲು ಎಷ್ಟು ಹೊತ್ತು ಬೇಕು ಅಂತ ಕೇಳಿ. ಹಾವು ಕಚ್ಚಿದರೆ ಔಷಧ ಎಲ್ಲಿ ಸಿಗುತ್ತದೆ ಅನ್ನುವುದನ್ನು ಅದೇ ವಾರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ಗೋಡೆಗೆ ಬರೆಯಿರಿ. ಕಟ್ಟು ಬಿಗಿಯುವುದು, ಕೊಯ್ಯುವುದು ಯಾವುದೂ ಬೇಡ. ಕಚ್ಚಿದ ಕೈಯೋ ಕಾಲೋ ಅಲುಗಾಡದಂತೆ ಇಟ್ಟು ನೇರ ಆಸ್ಪತ್ರೆಗೆ.

ಕೊನೆಗೆ ಮೇಲಿನವರಿಗೆ ಏನು ಕಳಿಸಬೇಕು ಅಂತ ಕೇಳುತ್ತೀರಿ. ಫೋಟೊ ಕೇಳಿದರೆ ಫೋಟೊ ಕಳಿಸಿ. ಅದರ ಜೊತೆ ಒಂದು ಪುಟ ಸೇರಿಸಿ: "ಗಂಟೆ ಬಾರಿಸಿದ್ದು 12:40. ಕೊನೆಯ ಮಗು ಹೊರಗೆ ಬಂದದ್ದು ಇಷ್ಟು ಹೊತ್ತಿಗೆ. ಐದನೇ ತರಗತಿಯ ಒಂದು ಮಗುವಿನ ಹೆಸರು ಕೂಗಿದಾಗ ಇರಲಿಲ್ಲ, ಅಂಗಡಿಯಲ್ಲಿ ಸಿಕ್ಕಿತು. ಹಿಂದಿನ ಗೇಟಿನ ಬೀಗಕ್ಕೆ ತುಕ್ಕು ಹಿಡಿದು ತೆಗೆಯಲಾಗಲಿಲ್ಲ. ಹೊಸ ಬೀಗ ಸೋಮವಾರದೊಳಗೆ, ಜವಾಬ್ದಾರಿ ಇಂಥವರದು. ಅಡುಗೆ ಕೋಣೆ ಸ್ಥಳಾಂತರದ ಬಗ್ಗೆ ಪಂಚಾಯಿತಿಗೆ ಇಂಥ ತಾರೀಖು ಪತ್ರ ಕೊಟ್ಟಿದೆ, ಉತ್ತರ ಬಂದಿಲ್ಲ." ಎರಡು ಮೂರು ತಿಂಗಳಿಗೊಮ್ಮೆ ಇಂಥ ಒಂದು ಪುಟ ಸೇರಿದರೆ ಅದೇ ನಿಮ್ಮ ಯೋಜನೆ. ಸುನಾಮಿಯ ಪುಟವನ್ನು ಅವತ್ತು ಕಿತ್ತುಹಾಕಬಹುದು.